ಗಾಣದ ಮನೆಯ ಬೊಮ್ಮಲೆ ಹಕ್ಕಿ ನೋಡಲು ಹೋದದ್ದು

ಬಹಳ ಹಿಂದೆ, ಮೊಸಳೆ ಮಾತಾಡಿದರೆ ಯಾರೂ ಬೆಚ್ಚಿಬೀಳದಿದ್ದ ಕಾಲದಲ್ಲಿ, ಬೆಳಗಲ್ಲುನಾಡು ಎಂಬ ಒಂದು ರಾಜ್ಯವಿತ್ತು. ಆ ನಾಡಿನಲ್ಲಿ ಹಬ್ಬಗಳಿಗೆ ಬರವಿರಲಿಲ್ಲ. ಆದರೂ ಜನ ಎಲ್ಲಕ್ಕಿಂತ ಹೆಚ್ಚಾಗಿ ಕಾಯುತ್ತಿದ್ದದ್ದು ಹಕ್ಕಿ ನೋಡುವ ದಿನಕ್ಕೆ. ಯುಗಾದಿ ಕಳೆದು ಹೊಂಗೆ ಮರಗಳು ಹೊಸ ಚಿಗುರಿನಲ್ಲಿ ಮಿಂಚುವಾಗ ಅರಮನೆಯಿಂದ ಡಂಗುರ ಬರುತ್ತಿತ್ತು. ನಾಳೆ ಯಾರೂ ಕೆಲಸ ಮುಟ್ಟಬಾರದು, ಬುತ್ತಿ ಕಟ್ಟಿಕೊಂಡು ಹಕ್ಕಿ ನೋಡಲು ಹೋಗಬೇಕು ಎಂದು. ಕಮ್ಮಾರ ಕುಲುಮೆ ಆರಿಸುತ್ತಿದ್ದ, ಅಗಸ ಕತ್ತೆಗೆ ರಜೆ ಕೊಡುತ್ತಿದ್ದ, ಮಂತ್ರಿಗಳು ಕೂಡ ಮೊಸರನ್ನದ ಗಂಟು ಹಿಡಿದು ಹೊರಡುತ್ತಿದ್ದರು. ಮುಂಜಾನೆ ಕೆರೆ, ಮಧ್ಯಾಹ್ನ ಹುಲ್ಲುಗಾವಲು, ಸಂಜೆ ಹೊಂಗೆಯ ತೋಪು, ಇಷ್ಟನ್ನೂ ಸುತ್ತಿ ಮನೆಗೆ ಬರುವುದು. ಎದುರಾದವರನ್ನು ಆ ದಿನ ಊಟವಾಯಿತೇ ಎಂದು ಕೇಳುವಂತಿಲ್ಲ, ಯಾವ ಹಕ್ಕಿ ಕಂಡಿರಿ ಎಂದು ಕೇಳಬೇಕು. ಕೆಲವರು ಬುತ್ತಿಯನ್ನಷ್ಟೇ ನೋಡಿ ಬರುತ್ತಿದ್ದರು, ಅದು ಬೇರೆ ಮಾತು.

ಈ ಸಂತೋಷಕ್ಕೆ ಹುಳಿ ಹಿಂಡಿದವನು ಮಂಪರುಗಣ್ಣ ಎಂಬ ಮಾಯಗಾರ. ಅವನು ಊರಾಚೆಯ ಬೋಳುಗುಡ್ಡದ ಮೇಲೆ ವಾಸವಾಗಿದ್ದ. ನಿದ್ದೆಯೆಂದರೆ ಅವನಿಗೆ ಪ್ರಾಣ, ಆದರೆ ನಿದ್ದೆಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ರಾತ್ರಿಯೆಲ್ಲ ಹೊರಳಾಡಿ, ಬೆಳಗಿನ ಜಾವ ಕಣ್ಣು ಹತ್ತುವ ಹೊತ್ತಿಗೆ ಸರಿಯಾಗಿ ಹಕ್ಕಿಗಳು ಕೂಗಲು ಶುರುಮಾಡುತ್ತಿದ್ದವು. ಹಕ್ಕಿಗಳ ಮೇಲೆ ಅವನ ಮಾಯೆ ನಡೆಯುತ್ತಿರಲಿಲ್ಲ. ಹಾಗಾಗಿ ಆ ಸಿಟ್ಟನ್ನು ಬೆಳಗಿನ ಜಾವ ಹಾಡುವ ಗಂಡಸರ ಮೇಲೆ ತೀರಿಸಿಕೊಳ್ಳತೊಡಗಿದ. ಹೆಂಗಸರೂ ಬೀಸುವ ಪದ ಹೇಳುತ್ತಿದ್ದರಲ್ಲ ಎಂದು ಕೇಳಬೇಡಿ. ಆ ಪದ ಕೇಳಿದರೆ ಅವನಿಗೂ ಒಂದಿಷ್ಟು ಜೋಂಪು ಹತ್ತುತ್ತಿತ್ತು, ಅದಕ್ಕೆ ಸುಮ್ಮನಿದ್ದ.

ಮೊದಲು ಸಿಕ್ಕಿದವನು ರಾಜ ಧವಳಾಂಕನೇ. ಪಾಪ, ಸ್ನಾನ ಮಾಡುವಾಗ ಗಂಟಲು ಬಿಟ್ಟು ಹಾಡುತ್ತಿದ್ದ. ಮಂಪರುಗಣ್ಣ ಬಂದು ಒಂದು ಹಿಡಿ ಬೂದಿ ಎರಚಿದ, ರಾಜ ದನಿಯಿಲ್ಲದ ಹಕ್ಕಿಯಾದ, ಬುಟ್ಟಿಯೊಳಗೆ ಸೇರಿದ. ಆಮೇಲೆ ಒಬ್ಬ ರೈತ, ಒಬ್ಬ ಕುಂಬಾರ, ಒಬ್ಬ ಅಂಬಿಗ, ಹೀಗೆ ವರ್ಷವರ್ಷವೂ ಬುಟ್ಟಿಗಳು ತುಂಬುತ್ತ ಹೋದವು. ರಾಣಿ ಹೊನ್ನಲದೇವಿ ಒಬ್ಬಳೇ ರಾಜ್ಯ ನೋಡಿಕೊಂಡಳು.

ಆದರೆ ಮಾಯೆಗೂ ಹಪ್ಪಳ ಸಂಡಿಗೆಯ ಹಾಗೆ ವರ್ಷಕ್ಕೊಮ್ಮೆ ಬಿಸಿಲು ತೋರಿಸಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಅದಕ್ಕಾಗಿ ಮಂಪರುಗಣ್ಣ ಹಕ್ಕಿ ನೋಡುವ ದಿನ ಬುಟ್ಟಿಗಳ ಬಾಯಿ ಬಿಚ್ಚಿ, ಮನುಷ್ಯ ಹಕ್ಕಿಗಳನ್ನು ನಿಜವಾದ ಹಕ್ಕಿಗಳ ನಡುವೆ ಹಾರಬಿಡುತ್ತಿದ್ದ. ಮಾಯೆಯ ಕಟ್ಟಳೆಯಂತೆ ಬಿಡುಗಡೆಗೂ ಒಂದು ದಾರಿ ಇಡಲೇಬೇಕು. ಅವನು ಯೋಚಿಸಿ ಯೋಚಿಸಿ ಇಟ್ಟ ದಾರಿ ಇದು: ಆ ದಿನ ಸೂರ್ಯ ಮುಳುಗುವುದರೊಳಗೆ ಹೆಂಡತಿ ತನ್ನ ಗಂಡನನ್ನು ಗುರುತು ಹಿಡಿದು ತನ್ನ ಬಾಯಿಂದಲೇ ಅವನ ಹೆಸರು ಹೇಳಬೇಕು. ಬೇರೆ ಹಕ್ಕಿಗೆ ಆ ಹೆಸರು ಹೇಳಿದರೆ ಅವಳೂ ಹಕ್ಕಿಯಾಗುತ್ತಾಳೆ.

ಕೇಳಲು ಸುಲಭ. ಆದರೆ ಆ ನಾಡಿನ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ. ಹೇಳಿದರೆ ಗಂಡನ ಆಯಸ್ಸು ಸವೆಯುತ್ತದೆ ಎಂಬುದು ಹಾಲು ಕುಡಿಯುವ ಮಗುವಿಗೂ ಗೊತ್ತಿತ್ತು. ರಾಣಿಯೂ ಹೇಳಲಿಲ್ಲ, ಕುಂಬಾರಗಿತ್ತಿಯೂ ಹೇಳಲಿಲ್ಲ. ವರ್ಷಕ್ಕೊಮ್ಮೆ ಬಂದು ಗಂಡಂದಿರನ್ನು ಕಣ್ತುಂಬ ನೋಡಿ, ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ಮಂಪರುಗಣ್ಣ ಇದನ್ನು ನೆನೆದು ದಿಂಬು ತಬ್ಬಿಕೊಂಡು ನಗುತ್ತಿದ್ದ.

ಆ ನಾಡಿನ ಗಾಣದ ಮನೆಯಲ್ಲಿ ಕೇತ ಎಂಬ ತರುಣನಿದ್ದ. ಬಾಯಿ ಎಂದರೆ ಬಾಯಿ. ಗಾಣದ ಎತ್ತುಗಳು ಅವನ ಹಾಡು ಕೇಳದೆ ಹೆಜ್ಜೆ ಎತ್ತುತ್ತಿರಲಿಲ್ಲ. ಅವನಿಗೆ ಹೊಸದಾಗಿ ಬೊಮ್ಮಲೆ ಎಂಬ ಹುಡುಗಿಯೊಡನೆ ಮದುವೆಯಾಯಿತು. ಶಿವರಾತ್ರಿ ಕಳೆದ ಮರುದಿನ, ಇನ್ನೂ ಬಾಗಿಲ ತೋರಣ ಒಣಗಿರಲಿಲ್ಲ, ಕೇತ ಬೆಳಗಿನ ಜಾವ ಗಾಣ ಹೂಡಿ ಹಾಡು ಎತ್ತಿದ. ಬೊಮ್ಮಲೆ ಮಜ್ಜಿಗೆ ಚೆಂಬು ಹಿಡಿದು ಬಾಗಿಲಿಗೆ ಬರುವಷ್ಟರಲ್ಲಿ ಬೂದಿ ಎರಚಿದ್ದಾಗಿತ್ತು, ಬುಟ್ಟಿ ಮುಚ್ಚಿದ್ದಾಗಿತ್ತು. ಗಂಡ ಯಾವ ಹಕ್ಕಿಯಾದ ಎಂಬುದೂ ಅವಳ ಕಣ್ಣಿಗೆ ಬೀಳಲಿಲ್ಲ.

ಕೇತನ ತಾಯಿ ಮಾಚವ್ವೆ ಎದೆ ಬಡಿದುಕೊಂಡು ಅತ್ತಳು. ಬೊಮ್ಮಲೆ ಅಳಲಿಲ್ಲ, ಅತ್ತರೆ ಅತ್ತೆಯನ್ನು ಸಮಾಧಾನ ಮಾಡುವವರು ಯಾರು? ಅವಳು ನೇರ ಅರಮನೆಗೆ ಹೋಗಿ ರಾಣಿಯನ್ನು ಕಂಡಳು.

ರಾಣಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದಳು, "ಮಗಳೇ, ಒಂದು ಮಾತು ತಿಳಿದುಕೋ. ಮೊದಲ ವರ್ಷ ಅವರು ನಮ್ಮನ್ನು ನೋಡುತ್ತಾರೆ. ಆಮೇಲೆ ಮರೆಯುತ್ತ ಹೋಗುತ್ತಾರೆ. ಈಗ ನಾನು ಹೋದರೆ ನನ್ನವರು ನನ್ನ ಮುಖ ನೋಡುವುದಿಲ್ಲ, ನಾನು ತಂದ ಹುಳುವಿನ ಬಟ್ಟಲು ನೋಡುತ್ತಾರೆ."

ಈ ವಸಂತದಲ್ಲೇ ಗಂಡನನ್ನು ಕರೆತರಬೇಕು, ಅವನು ತನ್ನನ್ನು ಮರೆಯುವ ಮೊದಲೇ ಕರೆತರಬೇಕು ಎಂದು ಬೊಮ್ಮಲೆ ನಿಶ್ಚಯ ಮಾಡಿದಳು.

ಹಕ್ಕಿ ನೋಡುವ ದಿನ ಬಂತು. ಮೂಡಣ ಕೆಂಪಾಗುವ ಹೊತ್ತಿಗೆ ಅತ್ತೆ ಸೊಸೆ ಇಬ್ಬರೂ ಚಿತ್ರಾನ್ನ, ಹೋಳಿಗೆ, ಉಪ್ಪು ಸವರಿದ ಮಾವಿನಕಾಯಿ ಕಟ್ಟಿಕೊಂಡು ಹೊರಟರು. ದುಃಖ ಇದ್ದರೂ ಹಕ್ಕಿ ನೋಡುವ ದಿನ ಬರಿಗೈಯಲ್ಲಿ ಹೋಗುವುದುಂಟೇ? ಗಾಳಿಯಲ್ಲಿ ಹೊಂಗೆ ಹೂವಿನ ಕಂಪು ತುಂಬಿತ್ತು. ಮಾಚವ್ವೆ ಊರುಗೋಲು ಊರುತ್ತ, ಎಲೆಯಡಿಕೆ ಜಗಿಯುತ್ತ ಮುಂದೆ ನಡೆದಳು.

"ನನ್ನ ಮಗ ಸುಮ್ನೆ ಯಾವುದೋ ಹಕ್ಕಿ ಆಗಿರಕ್ಕಿಲ್ಲ ಕಣೇ," ಎಂದಳು ಅವಳು. "ಬಲು ಚೆಂದದ ಹಕ್ಕಿನೇ ಆಗಿರ್ತಾನೆ. ಹುಟ್ಟಿದಾಗ್ಲೇ ಸೂಲಗಿತ್ತಿ ಅಂದಿದ್ಲು, ಇಂಥ ಕೂಸು ನೋಡಿಲ್ಲ ಅಂತ."

"ಎಲ್ಲ ಕೂಸಿಗೂ ಅಂಗೇ ಅಂತಾಳೆ ಅತ್ತೆ ಅವಳು," ಎಂದಳು ಬೊಮ್ಮಲೆ.

ಕೆರೆಯ ಏರಿ ಹತ್ತುತ್ತಿದ್ದಂತೆ ನೀರಿನಿಂದ ಒಂದು ಮೊಸಳೆ ತಲೆ ಎತ್ತಿತು. ಅದು ಮಂಪರುಗಣ್ಣ ಇಟ್ಟ ಮೊದಲನೆಯ ಕಾವಲು.

"ಗಂಡನ್ನ ಹುಡುಕೋಕೆ ಬಂದವರಾ?" ಎಂದು ಮೊಸಳೆ ಕೇಳಿತು. "ಹಂಗಾದ್ರೆ ಏರಿ ಮೇಲೆ ಕೂತ್ಕೊಳ್ಳಿ. ಒಂದು ಹಕ್ಕಿ ನಿಮ್ಮನ್ನ ಕಲ್ಲೋ ಮರವೋ ಅಂದ್ಕೊಂಡು ಬಂದು ನಿಮ್ಮ ಮೇಲೆ ಕೂರೋವರೆಗೂ ಮಿಸುಕಾಡಬಾರದು, ಉಸಿರೆತ್ತಬಾರದು. ಮಿಸುಕಾಡಿದ್ರೆ ಇಬ್ಬರೂ ನನ್ನ ಹೊಟ್ಟೆಗೆ."

ಇಬ್ಬರೂ ಕೂತರು. ಬೊಮ್ಮಲೆ ಕಲ್ಲಿನಂತೆ ಕೂತಳು. ಮಾಚವ್ವೆಯ ಕಷ್ಟ ಬೇರೆ. ಅವಳ ಬಾಯಿ ತುಂಬ ಎಲೆಯಡಿಕೆ ರಸ ತುಂಬಿತ್ತು. ಉಗುಳುವಂತಿಲ್ಲ, ನುಂಗುವಂತಿಲ್ಲ, ಮಾತಂತೂ ಆಡುವಂತಿಲ್ಲ. ಅವಳ ಕೆನ್ನೆ ಪೂರಿಯ ಹಾಗೆ ಉಬ್ಬಿತು. ಅಷ್ಟು ಹೊತ್ತು ಅವಳು ಬಾಯಿ ಮುಚ್ಚಿ ಕೂತದ್ದು ಅದೇ ಮೊದಲು.

ಸುಮ್ಮನೆ ಕೂತಾಗ ಕೆರೆ ತಾನಾಗಿ ಬಿಚ್ಚಿಕೊಂಡಿತು. ಜೊಂಡಿನ ಮರೆಯಿಂದ ನಾಮದ ಕೋಳಿಗಳು ಹೊರಬಂದವು. ನೀರುಕಾಗೆ ಮುಳುಗಿ ಎದ್ದು, ಬಂಡೆಯ ಮೇಲೆ ಒದ್ದೆ ರೆಕ್ಕೆ ಹರವಿತು. ತಾವರೆ ಎಲೆಯ ಮೇಲೆ ಉದ್ದ ಬೆರಳಿನ ದೇವನಕ್ಕಿ ಮಡಿ ಹೆಂಗಸಿನಂತೆ ಕಾಲೆತ್ತಿ ಎತ್ತಿ ನಡೆಯಿತು. ನಡುಗಡ್ಡೆಯ ಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಕಿಕ್ಕಿರಿದಿದ್ದವು, ಹಳದಿ ಕೊಕ್ಕು, ಬೆನ್ನ ಕೊನೆಗೆ ಗುಲಾಲು ಸವರಿದ ಹಾಗೆ ಗುಲಾಬಿ ಗರಿ. ಬೊಮ್ಮಲೆಗೆ ಬಂದ ಕೆಲಸವೇ ಒಂದು ಗಳಿಗೆ ಮರೆತುಹೋಯಿತು. ಇಷ್ಟು ಚೆಂದ ಈ ಊರಲ್ಲೇ ಇತ್ತೇ ಎನಿಸಿತು.

ಆಗ ನೀಲಿ ಮಿಂಚೊಂದು ಹರಿದು ಬಂತು. ಮಿಂಚುಳ್ಳಿ ಮಾಚವ್ವೆ ಹಿಡಿದಿದ್ದ ಊರುಗೋಲಿನ ತುದಿಗೆ ಬಂದು ಕೂತು, ನೀರಿಗೆ ಧುಮುಕಿ, ಮೀನು ಹಿಡಿದು, ಅಲ್ಲೇ ಬಂದು ಕೂತು ನುಂಗಿ ಹೋಯಿತು.

"ಕೋಲಿನ ಮೇಲೆ ಕೂತ್ರೂ ನಿಮ್ಮ ಮೇಲೆ ಕೂತಂಗೇ, ಗೆದ್ದಿರಿ," ಎಂದಿತು ಮೊಸಳೆ, ಸ್ವಲ್ಪ ಬೇಸರದಿಂದ. "ಈಗ ಹೇಳಿ, ನಿಮ್ಮವನು ಯಾರು?"

ಮಾಚವ್ವೆ ಮೊದಲು ಉಗಿದಳು, ಆಮೇಲೆ ಮಾತಾಡಿದಳು. "ಅಕ್ಕೋ, ಆ ದೊಡ್ಡ ಬಣ್ಣದ ಕೊಕ್ಕರೆ ನೋಡೇ ಬೊಮ್ಮಲೆ. ಅಷ್ಟು ಹೊತ್ತಿಂದ ನೋಡ್ತಿದ್ದೀನಿ, ಒಂದು ಸಲನೂ ಕೂಗಿಲ್ಲ. ಮೂಗ ಹಕ್ಕಿ. ಅದೇ ನನ್ನ ಮಗ. ಎಷ್ಟು ಲಕ್ಷಣವಾಗವ್ನೆ."

ಬೊಮ್ಮಲೆ ನೋಡಿದಳು. ಆ ಕೊಕ್ಕರೆ ಕೂಗುವುದಿಲ್ಲ ನಿಜ. ಆದರೆ ಅಕ್ಕಪಕ್ಕದ ಕೊಕ್ಕರೆಗಳೂ ಕೂಗುತ್ತಿರಲಿಲ್ಲ, ಬರಿ ಕೊಕ್ಕು ಕಟಕಟ ಎನ್ನಿಸುತ್ತಿದ್ದವು. ಅವುಗಳ ಜಾತಿಯೇ ಹಾಗೆ. ಮೇಲಾಗಿ ಅತ್ತೆ ತೋರಿಸಿದ ಹಕ್ಕಿ ಗೂಡಿಗೆ ಬಾಗಿ ಬೂದುಬಣ್ಣದ ದಢೂತಿ ಮರಿಗಳ ಬಾಯಿಗೆ ಮೀನು ಸುರಿಯುತ್ತಿತ್ತು.

"ಅತ್ತೆ, ನಿಮ್ಮ ಮಗನಿಗೆ ಮದುವೆಯಾಗಿದ್ದು ಮೊನ್ನೆ ಮೊನ್ನೆ," ಎಂದಳು ಬೊಮ್ಮಲೆ. "ಇದರ ಮಕ್ಕಳು ನೋಡಿದ್ರೆ ಇನ್ನೇನು ಮದುವೆಗೆ ಬಂದಂಗವೆ."

ಮೊಸಳೆ ನಕ್ಕು ನೀರು ಕುಡಿದು ಕೆಮ್ಮಿತು. "ಇಲ್ಲಿಲ್ಲ ಅವನು. ಹುಲ್ಲುಗಾವಲಿಗೆ ಹೋಗಿ," ಎಂದು ದಾರಿ ಬಿಟ್ಟಿತು.

ಹುಲ್ಲುಗಾವಲಿಗೆ ಬರುವಾಗ ಬಿಸಿಲು ಏರಿತ್ತು. ಒಣ ಹುಲ್ಲಿನ ನಡುವೆ ಅಲ್ಲಲ್ಲಿ ಹಸಿರು ಇಣುಕುತ್ತಿತ್ತು. ನೆಲಗುಬ್ಬಿಯೊಂದು ಹಾಡುತ್ತ ಆಕಾಶಕ್ಕೆ ಏರಿ, ಹಾಡು ಮುಗಿದ ಮೇಲೆ ಕಲ್ಲಿನಂತೆ ಕೆಳಗೆ ಬಿತ್ತು. ಪೊದೆಯ ಕೆಳಗೆ ಗೌಜಲ ಹಕ್ಕಿಗಳು ಕೂಗಾಡುತ್ತಿದ್ದವು. ದಾರಿಗೆ ಅಡ್ಡವಾಗಿ ಒಂದು ತೋಳ ಮಲಗಿತ್ತು. ಅದು ಎರಡನೆಯ ಕಾವಲು.

"ಆ ಹುತ್ತದವರೆಗೆ ನಡ್ಕೊಂಡು ಹೋಗಿ," ಎಂದಿತು ತೋಳ. "ಈ ನೆಲದ ಮೇಲೆಲ್ಲ ಹಕ್ಕಿಗಳು ಮೊಟ್ಟೆ ಇಟ್ಟವೆ. ಒಂದು ಮೊಟ್ಟೆ ಒಡೆದ್ರೂ ನಿಮ್ಮನ್ನ ಸೀಳಿಬಿಡ್ತೀನಿ."

ಮಾಚವ್ವೆ ತೋಳದ ಮಾತಿಗೆ ಕಿವಿಯನ್ನೇ ಕೊಟ್ಟಿರಲಿಲ್ಲ. ಹುತ್ತದ ಮೇಲೆ ಒಂದು ನವಿಲು ಗರಿ ಬಿಚ್ಚಿ ಕುಣಿಯುತ್ತಿತ್ತು. "ಕೇತಾ, ನನ್ನಪ್ಪಾ," ಎನ್ನುತ್ತ ಅವಳು ಓಡಲು ಹೊರಟಳು. ಬೊಮ್ಮಲೆ ಅತ್ತೆಯ ಸೆರಗು ಹಿಡಿದು ಜಗ್ಗಿದಳು. ಮಾಚವ್ವೆಯ ಪಾದದ ಮುಂದೆಯೇ ಬೆಣಚುಕಲ್ಲುಗಳ ನಡುವೆ ಬೆಣಚುಕಲ್ಲಿನಂಥವೇ ಮೊಟ್ಟೆಗಳಿದ್ದವು. ಮೇಲೆ ಟಿಟ್ಟಿಭ ಹಕ್ಕಿಯೊಂದು ಬಾಯಿ ಬಡಿದುಕೊಳ್ಳುತ್ತ ಸುತ್ತುತ್ತಿತ್ತು.

"ಈ ಹಕ್ಕಿ ಯಾಕೆ ಹಿಂಗೆ ನಮ್ಮ ಮೇಲೆ ಬೀಳ್ತದೆ? ನಾವೇನು ಅದರ ಗಂಟು ತಿಂದಿದ್ದೀವಾ?" ಎಂದಳು ಮಾಚವ್ವೆ.

ಬೊಮ್ಮಲೆ ನಿಂತು ಆ ಕೂಗಿಗೆ ಕಿವಿಗೊಟ್ಟಳು. ಎಡಕ್ಕೆ ಹೆಜ್ಜೆ ಇಟ್ಟರೆ ಟಿಟ್ಟಿಭದ ಕೂಗು ಜೋರಾಗುತ್ತದೆ. ಬಲಕ್ಕೆ ಇಟ್ಟರೆ ಇಳಿಯುತ್ತದೆ. ಅದಕ್ಕಿಂತ ಚೆನ್ನಾಗಿ ದಾರಿ ತೋರುವವರು ಬೇಕೇ? "ಅತ್ತೆ, ಅದು ಬೈದ ಕಡೆ ಹೋಗೋದು ಬೇಡ. ಬಯ್ಯೋದು ನಿಲ್ಲಿಸಿದ ಕಡೆ ಹೋಗೋಣ," ಎಂದಳು. ಮಾಚವ್ವೆಗೆ ಇದು ಹೊಸದು. ಅವಳ ಮನೆಯಲ್ಲಿ ಬಯ್ಯುವವಳು ತಾನೊಬ್ಬಳೇ. ಆದರೂ ಸೊಸೆಯ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ನಡೆದಳು. ಒಂದು ಹಕ್ಕಿಯ ಗಡಿ ಮುಗಿದರೆ ಇನ್ನೊಂದು ಹಕ್ಕಿ ಬಯ್ಯಲು ಬರುತ್ತಿತ್ತು. ಬೈಗುಳ ಕೇಳಿಸಿಕೊಂಡು ಕೇಳಿಸಿಕೊಂಡು, ಒಂದು ಮೊಟ್ಟೆಯೂ ಒಡೆಯದೆ ಇಬ್ಬರೂ ಹುತ್ತ ಮುಟ್ಟಿದರು.

"ಗೆದ್ದಿರಿ," ಎಂದಿತು ತೋಳ. "ಈಗ ಹೇಳಿ, ನಿಮ್ಮವನು ಯಾರು?"

"ಈ ನವಿಲೇ. ಕುಣಿಯೋ ಠೀವಿ ನೋಡಿ, ಅವರಪ್ಪನ ಥರಾನೇ," ಎಂದು ಮಾಚವ್ವೆ ಬಾಯಿ ಮುಚ್ಚುವುದರೊಳಗೆ ನವಿಲು ಕತ್ತು ಚಾಚಿ, ಬೆಟ್ಟ ಮಾರುದನಿಸುವ ಹಾಗೆ ಕೂಗಿತು. ಮಾಚವ್ವೆ ಎರಡೂ ಕಿವಿ ಮುಚ್ಚಿಕೊಂಡಳು.

"ಇಷ್ಟು ದನಿ ಇದ್ದಿದ್ರೆ ಅವರು ಇಷ್ಟೊತ್ತಿಗೆ ನಿಮ್ಮ ಹತ್ರ ಹೋಳಿಗೆ ಕೇಳ್ತಿದ್ರು ಅತ್ತೆ," ಎಂದಳು ಬೊಮ್ಮಲೆ.

ತೋಳ ಬಾಲ ಅಲ್ಲಾಡಿಸಿ ತೋಪಿನ ದಾರಿ ತೋರಿಸಿತು.

ತೋಪು ಹೊಕ್ಕಾಗ ಬಿಸಿಲು ಓರೆಯಾಗಿತ್ತು. ಹೊಂಗೆ ಹೂವು ನೆಲದ ಮೇಲೆ ಅರಳಿನ ಹಾಗೆ ಚೆಲ್ಲಿತ್ತು. ಬೂರುಗದ ಕೆಂಪು ಹೂಗಳಿಗೆ ಗೊರವಂಕಗಳು, ಪಿಕಳಾರಗಳು, ಕಾಜಾಣಗಳು ಸಂತೆಯಂತೆ ಮುತ್ತಿದ್ದವು. ಎಲ್ಲೋ ಒಂದು ಕುಟ್ರುಹಕ್ಕಿ ಬಿಡದೆ ಕುಟುರ್ ಕುಟುರ್ ಎನ್ನುತ್ತಿತ್ತು. ಮರಗಳ ಕೆಳಗೆ ಅಲ್ಲೊಬ್ಬಳು ಇಲ್ಲೊಬ್ಬಳು ಹೆಂಗಸರು ಮೇಲೆ ನೋಡುತ್ತ ಕೂತಿದ್ದರು. ಇವರು ಹಿಂದಿನ ವರ್ಷಗಳಲ್ಲಿ ಗಂಡನನ್ನು ಗುರುತು ಹಿಡಿದವರು. ಗುರುತು ಗೊತ್ತು, ಹೆಸರು ಹೇಳುವಂತಿಲ್ಲ. ರಾಣಿ ಹೊನ್ನಲದೇವಿಯೂ ಅವರ ನಡುವೆ ಕೂತಿದ್ದಳು. ಅವಳೆದುರು ತಲೆಯ ಮೇಲೆ ಕಿರೀಟದಂಥ ಜುಟ್ಟಿದ್ದ ಚಂದ್ರಮುಕುಟ ಹಕ್ಕಿಯೊಂದು ಬಟ್ಟಲಿನಿಂದ ಹುಳು ಹೆಕ್ಕುತ್ತಿತ್ತು. ಅದೇ ರಾಜ ಧವಳಾಂಕ.

ತೋಪಿನ ನಡುವೆ ಒಂದು ಕರಡಿ ಕೂತಿತ್ತು. ಅದು ಮೂರನೆಯ ಕಾವಲು. ಅದರ ಪಕ್ಕದಲ್ಲೇ ದಿಂಬಿಗೆ ಒರಗಿ, ಕೆಂಪು ಕಣ್ಣು ಉಜ್ಜಿಕೊಳ್ಳುತ್ತ ಮಂಪರುಗಣ್ಣ ಕೂತಿದ್ದ.

"ನಿಮ್ಮವನು ಈ ತೋಪಿನಲ್ಲೇ ಅವ್ನೆ," ಎಂದಿತು ಕರಡಿ. "ಹುಡುಕಿ. ಒಂದೇ ಸಲ ಹೇಳೋದು. ತಪ್ಪಿದ್ರೆ ಹೇಳಿದವಳು ಆ ಕೊಂಬೆ ಮೇಲೆ."

"ಬೇಗ ಮುಗಿಸಿ ತಾಯಿ," ಎಂದು ಮಂಪರುಗಣ್ಣ ಆಕಳಿಸಿದ. "ನನಗೆ ಕಣ್ಣೆಳೀತಾ ಐತೆ."

ಮಾಚವ್ವೆ ಬಂಗಾರದ ಬಣ್ಣದ ಹೊನ್ನಕ್ಕಿಯನ್ನು ಕಂಡು ಬಾಯಿ ತೆರೆದಳು. ಅದು ಅಷ್ಟರಲ್ಲೇ ಕೊಳಲಿನಂತೆ ಹಾಡಿಬಿಟ್ಟಿತು. ಅವಳು ಬಾಯಿ ಮುಚ್ಚಿಕೊಂಡು ಮರದ ಬೇರಿನ ಮೇಲೆ ಕುಸಿದು ಕೂತಳು. "ನನ್ನ ಹೊಟ್ಟೇಲಿ ಹುಟ್ಟಿದವನು, ನನಗೇ ಗೊತ್ತಾಗ್ತಿಲ್ಲವಲ್ಲೇ," ಎಂದು ಮೊದಲ ಸಲ ಸೋತ ದನಿಯಲ್ಲಿ ಹೇಳಿದಳು. ಬೊಮ್ಮಲೆಗೆ ಅತ್ತೆಯ ಮೇಲೆ ಮರುಕ ಉಕ್ಕಿತು. ಬುತ್ತಿ ಬಿಚ್ಚಿ, ಅವಳ ಕೈಗೆ ಹೋಳಿಗೆ ಇಟ್ಟಳು. ಇಬ್ಬರೂ ತಿನ್ನುತ್ತ ಸುತ್ತ ನೋಡುತ್ತ ಕೂತರು.

ಆಗ ತರಗೆಲೆಗಳ ಮೇಲೆ ಗಲಾಟೆ ಎದ್ದಿತು. ಹರಟೆಮಲ್ಲ ಹಕ್ಕಿಗಳ ಒಂದು ಗುಂಪು ಕುಪ್ಪಳಿಸುತ್ತ ಬಂತು. ಮಣ್ಣಿನ ಬಣ್ಣ, ಕೆದರಿದ ಗರಿ, ಬಿಳಿ ಕಣ್ಣು. ಚೆಂದ ಎಂಬುದು ಅವುಗಳ ಹತ್ತಿರ ಹಾದುಹೋಗಿಲ್ಲ. ಎಲ್ಲವೂ ಒಟ್ಟಿಗೆ ಮಾತಾಡುತ್ತವೆ, ಯಾವುದೂ ಇನ್ನೊಂದರ ಮಾತು ಕೇಳುವುದಿಲ್ಲ. ಅವುಗಳ ನಡುವೆ ಒಂದು ಹಕ್ಕಿ ಮಾತ್ರ ಬಾಯಿ ತೆರೆಯುತ್ತಿತ್ತು, ದನಿ ಬರುತ್ತಿರಲಿಲ್ಲ, ಮತ್ತೆ ಮುಚ್ಚುತ್ತಿತ್ತು.

ದನಿ ಇಲ್ಲದ ಮಾತ್ರಕ್ಕೆ ನಂಬುವಂತಿಲ್ಲ, ಕೆರೆಯಲ್ಲಿ ಅದು ಗೊತ್ತಾಗಿತ್ತು. ಬೊಮ್ಮಲೆ ಅದನ್ನೇ ನೋಡುತ್ತ ಕೂತಳು. ಮಾಚವ್ವೆ ಹೋಳಿಗೆಯ ಕಡೆಗೆ ತಲೆ ಬಗ್ಗಿಸಿದಳು. ಆ ಹಕ್ಕಿ ಕತ್ತು ಓರೆ ಮಾಡಿ ಬೊಮ್ಮಲೆಯನ್ನು ನೋಡಿತು. ಮಾಚವ್ವೆ ತಲೆ ಎತ್ತಿದಳು. ಹಕ್ಕಿ ಥಟ್ಟನೆ ಆ ಕಡೆ ತಿರುಗಿ, ಏನೂ ಅರಿಯದ ಹಾಗೆ ಮರದ ಬೊಡ್ಡೆ ನೋಡತೊಡಗಿತು. ಮಾಚವ್ವೆ ನೀರು ಕುಡಿಯಲು ಚೆಂಬು ಎತ್ತಿದಳು. ಹಕ್ಕಿ ಬೊಮ್ಮಲೆಯನ್ನು ನೋಡಿತು. ಮಾಚವ್ವೆ ಚೆಂಬು ಇಳಿಸಿದಳು. ಹಕ್ಕಿ ಮರದ ಬೊಡ್ಡೆ ನೋಡಿತು.

ಬೊಮ್ಮಲೆಯ ಮುಖ ಕೆಂಪಾಯಿತು. ಹಿರಿಯರ ಮುಂದೆ ಗಂಡ ಹೆಂಡತಿ ಮುಖಕ್ಕೆ ಮುಖ ಕೊಟ್ಟು ನೋಡುವ ರೂಢಿ ಆ ನಾಡಿನಲ್ಲಿರಲಿಲ್ಲ. ಮದುವೆಯಾದಾಗಿನಿಂದ ಗಾಣದ ಮನೆಯಲ್ಲಿ ನಡೆದದ್ದು ಹೀಗೆಯೇ. ಅತ್ತೆ ಒಲೆಯ ಕಡೆ ತಿರುಗಿದಾಗ ಒಂದು ನೋಟ, ಅತ್ತೆ ಈ ಕಡೆ ತಿರುಗಿದಾಗ ತೊಲೆ ಕಂಬ ಎಣಿಸುವುದು. ಮಾಯೆ ಕೈ ಕಾಲು ಬದಲಿಸಬಹುದು, ದನಿ ಕಸಿಯಬಹುದು. ಅವ್ವನ ಮುಂದಿನ ನಾಚಿಕೆಯನ್ನು ಏನು ಮಾಡಲು ಸಾಧ್ಯ?

"ಅತ್ತೆ," ಎಂದು ಅವಳು ಪಿಸುಗುಟ್ಟಿದಳು, "ಸಿಕ್ಕಿದ್ರು. ಆ ಮೂಗ ಹರಟೆಮಲ್ಲ."

"ಆ ಕೆಸರು ಬಣ್ಣದ್ದಾ? ನನ್ನ ಮಗನಾ?" ಎಂದು ಮಾಚವ್ವೆ ಮುಖ ಸಿಂಡರಿಸಿದಳು. ಆಮೇಲೆ ಸೊಸೆಯ ಕೆಂಪೇರಿದ ಕೆನ್ನೆ ನೋಡಿದಳು, ಮರದ ಬೊಡ್ಡೆ ನೋಡುತ್ತಿದ್ದ ಹಕ್ಕಿಯನ್ನು ನೋಡಿದಳು. ಅವಳೂ ಒಂದು ಕಾಲದಲ್ಲಿ ಸೊಸೆಯಾಗಿದ್ದವಳೇ. ಅವಳಿಗೆ ಎಲ್ಲ ತಿಳಿಯಿತು. "ಹೌದು ಕಣೇ. ಅವನೇ. ಕಳ್ಳ," ಎಂದಳು.

ಮಂಪರುಗಣ್ಣ ದಿಂಬಿನಿಂದ ಎದ್ದು ಕೂತು ನಕ್ಕ. "ಸಿಕ್ಕಿದನಾ? ಬಲು ಸಂತೋಷ. ಹೆಸರು ಹೇಳಿ ಕರ್ಕೊಂಡು ಹೋಗು ತಾಯಿ. ಯಾಕೆ, ನಾಲಿಗೆ ಏಳ್ತಾ ಇಲ್ವಾ?"

ಬೊಮ್ಮಲೆಯ ನಾಲಿಗೆಯ ತುದಿಗೆ ಬಂದ ಹೆಸರು ಅಲ್ಲೇ ನಿಂತಿತು. ಮಾಚವ್ವೆ ಸೊಸೆಯ ಕೈ ಗಟ್ಟಿಯಾಗಿ ಹಿಡಿದಳು. "ಬೇಡ ಕಣೇ, ಹೇಳ್ಬೇಡ. ಹಕ್ಕಿಯಾಗಾದರೂ ಬದುಕಿರ್ಲಿ. ಅವನ ಆಯಸ್ಸು ಸವೆಯೋದು ಬೇಡ."

ಸೂರ್ಯ ಮರದ ಬುಡಕ್ಕೆ ಇಳಿದ. ಪಕ್ಕದ ಹರಟೆಮಲ್ಲವೊಂದು ತರಗೆಲೆ ಕೆದಕಿ ಹುಳು ಎಳೆಯಿತು. ಮೂಗ ಹಕ್ಕಿ ಬೊಮ್ಮಲೆಯನ್ನು ಬಿಟ್ಟು ಹುಳುವಿನ ಕಡೆ ನೋಡಿತು, ಒಂದು ಹೆಜ್ಜೆ ಆ ಕಡೆ ಕುಪ್ಪಳಿಸಿತು. ಅದನ್ನು ಕಂಡು ಮಾಚವ್ವೆ ಹಿಡಿದಿದ್ದ ಸೊಸೆಯ ಕೈ ಬಿಟ್ಟಳು.

"ಹೇಳೇ," ಎಂದಳು ಅವಳು, ಕಣ್ಣಲ್ಲಿ ನೀರು ತುಂಬಿ. "ಅವನು ನಮ್ಮನ್ನ ಮರೆಯೋದಕ್ಕಿಂತ ಹೇಳೋದೇ ವಾಸಿ. ಆಯಸ್ಸು ಸವೆಯೋದಿದ್ರೆ ನಂದು ಸವೀಲಿ. ನಂಗೆ ಇನ್ನೇನು ಬೇಕು?"

ಅತ್ತೆ ಹೀಗೆ ಹೇಳಿದ್ದು ಕೇಳಿ ಬೊಮ್ಮಲೆಗೂ ಅಳು ಬಂತು. ಆದರೆ ಅಳುವ ಹೊತ್ತಲ್ಲ ಅದು. ಅವಳು ಹೇಳಿದಳು, "ಯಾರ ಆಯಸ್ಸೂ ಸವೆಯೋದು ಬೇಡ ಅತ್ತೆ. ಪಕ್ಕದ ಮನೆಯ ಪಾತ್ರೆ ವಾಪಸು ಕೊಡುವಾಗ ನೀವು ಬರಿದು ಕೊಡ್ತೀರಾ? ಏನೂ ಇಲ್ಲದಿದ್ರೆ ನಾಲ್ಕು ಕಾಳು ಸಕ್ಕರೆನಾದ್ರೂ ಹಾಕ್ತೀರಿ. ಗಂಡನ ಹೆಸರನ್ನ ಬರಿದಾಗಿ ಹೇಳಬಾರದು ಅಂತ ಹಿರಿಯರು ಅಂದಿರ್ಬೇಕು. ನಾನು ತುಂಬಿ ಹೇಳ್ತೀನಿ. ತುಂಬಿ ಕೊಟ್ಟಿದ್ದು ಎಲ್ಲಾದ್ರೂ ಸವೀತದಾ?"

ಹೀಗೆಂದು ಅವಳು ಸೆರಗು ಸರಿಮಾಡಿಕೊಂಡು, ಹಕ್ಕಿಯ ಎದುರು ನಿಂತು, ಆ ದಿನ ಕಂಡದ್ದನ್ನೆಲ್ಲ ತುಂಬಿ ಹೇಳಿದಳು:

"ಕೆರೆ ತುಂಬ ತಾವರೆ, ತಾವರೆಗೆ ದುಂಬಿ ಜೊತೆ,
ಹುಲ್ಲುಗಾವಲ ತುಂಬ ಗರಿಕೆ, ಗರಿಕೆಗೆ ಗಾಳಿ ಜೊತೆ,
ತೋಪಿನ ತುಂಬ ಹೊಂಗೆ ಹೂವು, ಹೂವಿಗೆ ಹಕ್ಕಿ ಜೊತೆ,
ಗಾಣದ ಮನೆಯ ಕೇತರಾಯರು ಎಂದೆಂದಿಗೂ ನನಗೆ ಜೊತೆ."

ಹರಟೆಮಲ್ಲಗಳು ಬುರ್ರನೆ ಹಾರಿದವು. ತರಗೆಲೆಗಳ ನಡುವೆ ಕುಕ್ಕರುಗಾಲಲ್ಲಿ ಕೂತ ಕೇತ ಮಾತ್ರ ಉಳಿದ, ತಲೆಯ ತುಂಬ ಹೊಂಗೆ ಹೂವು, ಬಾಯಲ್ಲೊಂದು ಒಣ ಎಲೆ. ಎಲೆ ಉಗಿದು ಮೊದಲು ಅವ್ವನ ಮುಖ ನೋಡಿದ. "ಅವ್ವ, ಎತ್ತಿಗೆ ಹುಲ್ಲು ಹಾಕಿದ್ಯಾ? ಈ ಹಕ್ಕಿಗಳ ಜೊತೆ ಸಾಕಾಗಿ ಹೋಯ್ತು, ಒಬ್ಬರ ಮಾತು ಒಬ್ಬರು ಕೇಳಲ್ಲ, ಆ ಹೋಳಿಗೆ ಕೊಡು," ಎಂದು ಶುರುಮಾಡಿದವನು ನಿಲ್ಲಿಸಲೇ ಇಲ್ಲ. ಮಾಚವ್ವೆ ಅವನ ತಲೆ ನೇವರಿಸುತ್ತ, ಹೋಳಿಗೆ ಮುರಿದು ಬಾಯಿಗಿಟ್ಟಳು. ಅವನು ಆಗಲೂ ಮಾತಾಡಿದ.

"ಇದು ಮೋಸ," ಎಂದು ಮಂಪರುಗಣ್ಣ ದಿಂಬು ನೆಲಕ್ಕೆ ಕುಕ್ಕಿದ. "ಸುತ್ತಿ ಬಳಸಿ ಹೇಳಿದ್ಲು."

"ಹೆಸರು ಬಂತು. ಹೆಂಡತಿ ಬಾಯಿಂದ್ಲೇ ಬಂತು," ಎಂದಿತು ಕರಡಿ. "ಕಟ್ಟಳೆ ಅಂದ್ರೆ ಕಟ್ಟಳೆ."

ರಾಣಿ ಹೊನ್ನಲದೇವಿ ಎದ್ದು ನಿಂತಳು. ಇಡೀ ತೋಪು ಅವಳ ಕಡೆ ತಿರುಗಿತು. ಅವಳೂ ತುಂಬಿ ಹೇಳಿದಳು:

"ಬಾಗಿಲಿಗೆ ಕಟ್ಟಿಸಿದೆ ಮಾವಿನ ತೋರಣ,
ಅರಸರಿಲ್ಲದ ಮನೆಗೆ ಯಾತರ ಆಭರಣ,
ಬಚ್ಚಲಲ್ಲಿ ಬಿಸಿನೀರು ಕಾದು ಕಾದು ಸಾಕಾಯ್ತು,
ಧವಳಾಂಕರಾಯರು ಬಂದರೆ ಹೋಳಿಗೆಗೆ ಹೂರಣ."

ಚಂದ್ರಮುಕುಟ ಹಕ್ಕಿ ಹುಳುವಿನ ಬಟ್ಟಲು ಬಿಟ್ಟು ತಲೆ ಎತ್ತಿತು. ಎಷ್ಟೋ ವರ್ಷಗಳ ಮೇಲೆ ರಾಜ ತನ್ನ ರಾಣಿಯ ಮುಖ ನೋಡಿದ, ನೋಡುತ್ತಲೇ ನಿಂತ. ಹುಳು ತಿಂದದ್ದು ನೆನಪಾಗಿ ಆಮೇಲೆ ಸ್ವಲ್ಪ ಬಾಯಿ ಮುಕ್ಕಳಿಸಿದ.

ಇನ್ನು ತಡೆಯುವವರು ಯಾರು? ಎಲ್ಲ ಹೆಂಗಸರೂ ಎದ್ದರು. ಅಂಬಿಗನ ಹೆಂಡತಿ ಹೊಳೆ ತುಂಬಿ ಹೇಳಿದಳು, ರೈತನ ಹೆಂಡತಿ ಕಣಜ ತುಂಬಿ ಹೇಳಿದಳು. ಕುಂಬಾರಗಿತ್ತಿಗೆ ಹಳೆಯ ಸಿಟ್ಟೊಂದು ಉಳಿದಿತ್ತು. ಅವಳು ಸೊಂಟಕ್ಕೆ ಕೈಯಿಟ್ಟು, "ಹಿತ್ತಲಲ್ಲಿ ಹೀರೆಕಾಯಿ, ನೀರಿನ ಕೊಡ ಭಾರ, ಕೊಡ ಹೊರೋಕೆ ಬನ್ನಿ ಅಂದ್ರೆ ಮಾರಯ್ಯನೋರು ಬಲು ದೂರ," ಎಂದಳು. ಮರಕುಟಿಗವಾಗಿದ್ದ ಕುಂಬಾರ ಮನುಷ್ಯನಾಗಿ ಕೊಂಬೆಯಿಂದ ದೊಪ್ಪನೆ ಬಿದ್ದ. ತೋಪು ನಗೆಯಲ್ಲಿ ಮುಳುಗಿತು. ಒಬ್ಬರದು ಮುಗಿಯುವುದರೊಳಗೆ ಇನ್ನೊಬ್ಬರದು, ಕೊಂಬೆ ಕೊಂಬೆಯಿಂದ ಗಂಡಂದಿರು ಇಳಿದರು. ಮದುವೆಗೆ ಮೊದಲೇ ಸಿಕ್ಕಿಬಿದ್ದಿದ್ದ ಒಬ್ಬನಿಗೆ ಅವನ ಅತ್ತೆಯ ಮಗಳು ಅಲ್ಲೇ ಧೈರ್ಯ ಮಾಡಿ ಹೇಳಿದಳು, ಅದೂ ನಡೆಯಿತು. ಹೀಗೆ ತುಂಬಿ ಹೇಳುವುದಕ್ಕೆ ಆ ನಾಡಿನವರು ಒಡಪು ಎಂದು ಹೆಸರಿಟ್ಟರು.

ಕೊನೆಯ ಹಕ್ಕಿ ಮನುಷ್ಯನಾದಾಗ ಮಂಪರುಗಣ್ಣನ ಮಾಯೆಯೆಲ್ಲ ಮುಗಿಯಿತು. ಮಾಯೆ ಬಿಟ್ಟು ಹೋದ ಜಾಗಕ್ಕೆ ನಿದ್ದೆ ಬಂತು. ಅವನು ಅಷ್ಟು ಗದ್ದಲದ ನಡುವೆ ದಿಂಬಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆಯತೊಡಗಿದ. ಅವನು ಎದ್ದ ಮೇಲೆ ರಾಣಿ ಅವನಿಗೆ ಶಿಕ್ಷೆಯನ್ನೂ ವಿಧಿಸಿದಳು, ಅರಮನೆಯ ಕೋಳಿಗೂಡಿನ ಪಕ್ಕದಲ್ಲಿ ಒಂದು ಮನೆ ಕೊಟ್ಟಳು. ಕೋಳಿ ಕೂಗಿದರೂ ಅವನಿಗೆ ಎಚ್ಚರವಾಗುತ್ತಿರಲಿಲ್ಲವಂತೆ. ಅವನೂ ಸುಖವಾಗಿದ್ದ, ಕೋಳಿಗಳೂ ಸುಖವಾಗಿದ್ದವು, ನಾಡು ಹಾಲು ಜೇನಿನಂತೆ ಬಾಳಿತು.

ಆ ಸಂಜೆ ಗಾಣದ ಮನೆಯ ಮೂವರೂ ಊರಿನ ದಾರಿ ಹಿಡಿದರು. ಮಾಚವ್ವೆ ಊರುಗೋಲು ಊರುತ್ತ ಮುಂದೆ, ಕೇತ ಮತ್ತು ಬೊಮ್ಮಲೆ ಹಿಂದೆ. ಸ್ವಲ್ಪ ದೂರ ಹೋದ ಮೇಲೆ ಕೇತನ ಮಾತು ನಿಂತುಹೋಯಿತು. ಅಷ್ಟು ಮಾತಿನ ಮಗ ಯಾಕೆ ಸುಮ್ಮನಾದ ಎಂದು ತಾಯಿಗೆ ತಿಳಿಯದೇ ಇರುತ್ತದೆಯೇ? ದಾರಿಯಲ್ಲಿ ಕೋಗಿಲೆ ಕೂಗಿತು, ಗಿಳಿಹಿಂಡು ತಲೆಯ ಮೇಲೆ ಹಾರಿಹೋಯಿತು, ಮಾಚವ್ವೆ ಒಂದು ಸಲವೂ ಹಿಂತಿರುಗಲಿಲ್ಲ.

"ನೋಡಿದ್ದಾಯ್ತೇನೇ?" ಎಂದು ಕೇಳಿದಳು, ಮುಂದೆ ನೋಡುತ್ತಲೇ.

"ಇನ್ನೂ ಇಲ್ಲ ಅತ್ತೆ," ಎಂದಳು ಬೊಮ್ಮಲೆ.

"ನೋಡ್ಕೊಳ್ಳಿ, ನೋಡ್ಕೊಳ್ಳಿ. ಊರು ಇನ್ನೂ ದೂರ ಐತೆ," ಎಂದು ಮಾಚವ್ವೆ ಹೆಜ್ಜೆ ನಿಧಾನ ಮಾಡಿದಳು.